ಅರಣ್ಯ ಪ್ರದೇಶಗಳಿಗೆ ಸ್ವಂತ ವಾಹನದಲ್ಲಿ ಪ್ರವಾಸ ಮತ್ತು ಶಿಬಿರ ವಾಸ್ತವ್ಯ: ಅರ್ಜಿದಾರರಿಗೆ ಮಾಹಿತಿ

ರಾಜ್ಯದ ಅರಣ್ಯಗಳಿಗೆ ಸ್ವಂತ ವಾಹನಗಳಲ್ಲಿ ತೆರಳಿ, ಡೇರೆಯಲ್ಲಿಯೋ ಮಲಗುವ ಸೌಕರ್ಯವುಳ್ಳ ವಾಹನದಲ್ಲಿಯೋ ಒಂದೆರಡು ರಾತ್ರಿ ಕಳೆಯಲು ಬಯಸುವ ಪ್ರವಾಸಿಗರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಇಂತಹ ಪ್ರವಾಸಕ್ಕೆ ಯಾವ ಅನುಮತಿ ಬೇಕು, ಎಲ್ಲಿ ತಂಗಬಹುದು, ಎಲ್ಲಿ ತಂಗಬಾರದು ಮತ್ತು ಏಕೆ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ. ತನಿಖಾ ಠಾಣೆಯ ಬಳಿ ಬಂದ ಮೇಲೆ ನಿಯಮ ತಿಳಿದು ಕುಟುಂಬ ಸಮೇತ ಹಿಂದಿರುಗುವುದಕ್ಕಿಂತ, ಮನೆಯಿಂದ ಹೊರಡುವ ಮುನ್ನವೇ ಇದನ್ನು ಓದಿಕೊಳ್ಳುವುದು ಉಪಯುಕ್ತ.

ಹೆದ್ದಾರಿಯಲ್ಲಿ ಹಾದುಹೋಗುವುದು ಮತ್ತು ತಂಗುವುದು

ಹೆಚ್ಚಿನ ಗೊಂದಲ ಉಂಟಾಗುವುದು ಈ ಒಂದು ಅಂಶದ ಕುರಿತಾಗಿಯೇ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 27ನೆಯ ಪ್ರಕರಣದ ಮೇರೆಗೆ ಅನುಮತಿ ಪತ್ರವಿಲ್ಲದೆ ಯಾವುದೇ ವ್ಯಕ್ತಿಯು ವನ್ಯಜೀವಿ ಧಾಮವನ್ನು ಪ್ರವೇಶಿಸುವಂತಿಲ್ಲ ಅಥವಾ ಅದರೊಳಗೆ ವಾಸಿಸುವಂತಿಲ್ಲ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರರು, ಧಾಮದೊಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ವಾಸಕ್ಕೆ ಅನುಮತಿ ಪಡೆದವರು ಮತ್ತು ಅವರ ಅವಲಂಬಿತರಿಗೆ ಇದರಿಂದ ವಿನಾಯಿತಿಯಿದೆ. ಸಾರ್ವಜನಿಕ ಹೆದ್ದಾರಿಯ ಮೂಲಕ ಧಾಮವನ್ನು ಹಾದುಹೋಗುವವರಿಗೂ ವಿನಾಯಿತಿಯಿದೆ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ನಿಯಮಗಳು ಅನ್ವಯಿಸುತ್ತವೆ.

"ಹಾದುಹೋಗುವವರು" ಎಂಬ ಮಾತನ್ನು ಗಮನಿಸಬೇಕು. ಮೈಸೂರಿನಿಂದ ಗುಂಡ್ಲುಪೇಟೆಯ ಮಾರ್ಗವಾಗಿ ಉದಕಮಂಡಲಕ್ಕೆ ಹೊರಟ ವಾಹನಕ್ಕೆ ಬಂಡೀಪುರದ ಹೆದ್ದಾರಿಯಲ್ಲಿ ಚಲಿಸಲು ಪ್ರತ್ಯೇಕ ಅನುಮತಿ ಬೇಕಿಲ್ಲ. ಆದರೆ ಅದೇ ವಾಹನವು ರಸ್ತೆಯ ಅಂಚಿನಲ್ಲಿ ನಿಂತು, ಅದರಲ್ಲಿದ್ದವರು ಕೆಳಗಿಳಿದು ಚಾಪೆ ಹಾಸಿ ಬುತ್ತಿ ಬಿಚ್ಚಿದರೆ, ಅವರು ಹಾದುಹೋಗುವವರಾಗಿ ಉಳಿಯುವುದಿಲ್ಲ. ರಸ್ತೆಯು ಸಾರ್ವಜನಿಕವಾದರೂ ಅದರ ಎರಡೂ ಬದಿಯ ನೆಲ ಅರಣ್ಯಕ್ಕೆ ಸೇರಿದ್ದು. "ವಾಹನದೊಳಗೇ ಮಲಗಿದ್ದೆವು, ನೆಲಕ್ಕೆ ಕಾಲಿಟ್ಟಿಲ್ಲ" ಎಂಬ ವಾದವೂ ನಿಲ್ಲುವುದಿಲ್ಲ. ರಾತ್ರಿ ತಂಗಲು ಅನುಮತಿ ಬೇಕೇ ಬೇಕು. ಆ ರಾತ್ರಿಯನ್ನು ಡೇರೆಯಲ್ಲಿ ಕಳೆದರೂ ವಾಹನದಲ್ಲಿ ಕಳೆದರೂ ನಿಯಮ ಒಂದೇ.

ಅನುಮತಿಯನ್ನು ಯಾವ ಉದ್ದೇಶಗಳಿಗೆ ನೀಡಬಹುದೆಂಬುದನ್ನು 28ನೆಯ ಪ್ರಕರಣ ಹೇಳುತ್ತದೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಮತ್ತು ಧಾಮದೊಳಗೆ ವಾಸಿಸುವವರೊಡನೆ ನ್ಯಾಯಸಮ್ಮತ ವ್ಯವಹಾರ ಇವೇ ಆ ಉದ್ದೇಶಗಳು. ಅನುಮತಿ ನೀಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದ್ದು. ಸಾಮಾನ್ಯ ಪ್ರವಾಸಿಗರು ಈ ಅಧಿಕಾರಿಗೆ ನೇರವಾಗಿ ಅರ್ಜಿ ಸಲ್ಲಿಸುವ ಪ್ರಸಂಗ ಬರುವುದಿಲ್ಲ. ಸಫಾರಿ ಚೀಟಿ, ಚಾರಣದ ಚೀಟಿ ಅಥವಾ ಪ್ರಕೃತಿ ಶಿಬಿರದಲ್ಲಿ ಕಾದಿರಿಸಿದ ಕೊಠಡಿಯ ರಸೀದಿಯೇ ಅವರ ಅನುಮತಿ ಪತ್ರವಾಗಿರುತ್ತದೆ. ಅದರಲ್ಲಿ ನಮೂದಿಸಿದ ಸ್ಥಳ ಮತ್ತು ಸಮಯಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಒಂದು ಶಿಬಿರದ ರಸೀದಿ ಹಿಡಿದು ಇನ್ನೊಂದು ವಲಯದ ಕಾಡಿನಲ್ಲಿ ತಿರುಗಾಡಲು ಅವಕಾಶವಿಲ್ಲ.

ಧಾಮ ಅಥವಾ ಉದ್ಯಾನವಲ್ಲದ ಮೀಸಲು ಅರಣ್ಯಗಳಲ್ಲಿ ಮನಬಂದಂತೆ ತಂಗಬಹುದೆಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಕರ್ನಾಟಕ ಅರಣ್ಯ ಅಧಿನಿಯಮ, 1963ರ 24ನೆಯ ಪ್ರಕರಣವು ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವನ್ನೂ ಬೆಂಕಿ ಹಾಕುವುದನ್ನೂ ನಿಷೇಧಿಸುತ್ತದೆ. ಅಂತಹ ಪ್ರದೇಶಗಳ ಬಗ್ಗೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಎಲ್ಲಿ ತಂಗಬಹುದು

ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು 1980ರಲ್ಲಿ ಸ್ಥಾಪನೆಯಾಯಿತು. ಕಬಿನಿ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರ ಗುಡಿ, ಕಾವೇರಿ ತೀರದ ಭೀಮೇಶ್ವರಿ ಮತ್ತು ಗಾಳಿಬೋರೆ, ಕೊಡಗಿನ ದುಬಾರೆ, ದಾಂಡೇಲಿ ಮುಂತಾದೆಡೆ ಇದರ ಶಿಬಿರಗಳಿವೆ. ಮೈಸೂರು ಅರಸರ ಬೇಟೆಯ ಬಿಡಾರವಾಗಿದ್ದ ಕ್ಯಾತದೇವರ ಗುಡಿಯಲ್ಲಿ ಡೇರೆ ವಸತಿಯೂ ಇದೆ. ದಾಂಡೇಲಿ ಸಮೀಪದ ಕುಳಗಿಯಲ್ಲಿ ಅರಣ್ಯ ಇಲಾಖೆಯೇ ಪ್ರಕೃತಿ ಶಿಬಿರವನ್ನು ನಡೆಸುತ್ತಿದ್ದು, ಸರಳವಾದ ಡೇರೆ ವಾಸ್ತವ್ಯವನ್ನು ಬಯಸುವವರಿಗೆ, ವಿಶೇಷವಾಗಿ ಶಾಲಾ ಮಕ್ಕಳ ತಂಡಗಳಿಗೆ, ಅದು ಹೆಚ್ಚು ಸೂಕ್ತ. ಶಿಬಿರಗಳ ದರಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಕಾದಿರಿಸುವಾಗಲೇ ಖಚಿತಪಡಿಸಿಕೊಳ್ಳಬೇಕು.

ಅಮೆರಿಕ, ಕೆನಡಾ ದೇಶಗಳ ಉದ್ಯಾನಗಳಲ್ಲಿ ಮನೆ-ವಾಹನಗಳನ್ನು ನಿಲ್ಲಿಸಲು ಸಂಖ್ಯೆ ಹಾಕಿದ ನಿವೇಶನಗಳಿರುತ್ತವೆ. ಹಲವೆಡೆ ವಿದ್ಯುತ್, ನೀರು ಮತ್ತು ಮಲಿನ ನೀರು ಹೊರಹಾಕುವ ವ್ಯವಸ್ಥೆಯೂ ಇರುತ್ತದೆ. ಅಲ್ಲಿ ನೆಲೆಸಿ ರಜೆಗೆಂದು ಊರಿಗೆ ಬರುವ ಕನ್ನಡಿಗರು ಇಲ್ಲಿಯೂ ಅದನ್ನೇ ನಿರೀಕ್ಷಿಸುವುದು ಸಹಜ. ಆದರೆ ರಾಜ್ಯದ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳನ್ನು ಅಂತಹ ಬಳಕೆಗಾಗಿ ರೂಪಿಸಿಲ್ಲ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ದೇಶದ ಬೇರಾವ ರಾಜ್ಯದಲ್ಲಿಯೂ ಅಷ್ಟಿರಲಿಲ್ಲ. ರಾತ್ರಿಯ ವೇಳೆ ನೀರಿಗೆ ಮತ್ತು ಮೇವಿಗೆ ಆನೆಗಳು ನಡೆದಾಡುವ ಹಾದಿಯಲ್ಲಿ ವಾಹನಗಳ ಸಾಲು ನಿಲ್ಲಿಸುವುದು ಎರಡೂ ಕಡೆಯವರಿಗೆ ಅಪಾಯಕರ. ಮನೆ-ವಾಹನದಲ್ಲಿ ಬರುವವರು ಅರಣ್ಯದ ಹೊರಗೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಅತಿಥಿಗೃಹ ಅಥವಾ ಹೋಮ್‌ಸ್ಟೇಗಳ ಆವರಣದಲ್ಲಿ ಮಾಲೀಕರ ಒಪ್ಪಿಗೆ ಪಡೆದು ವಾಹನ ನಿಲ್ಲಿಸಿ, ಹಗಲು ಹೊತ್ತಿನಲ್ಲಿ ಸಫಾರಿಗೆ ಬರುವುದು ಉತ್ತಮ. ಸಫಾರಿಯು ಅದಕ್ಕಾಗಿ ನಿಗದಿಪಡಿಸಿದ ವಾಹನಗಳಲ್ಲಿ ಮಾತ್ರ ನಡೆಯುತ್ತದೆ. ಸ್ವಂತ ವಾಹನವನ್ನು ಪ್ರವೇಶದ್ವಾರದ ಬಳಿ ನಿಲ್ಲಿಸತಕ್ಕದ್ದು.

ಚಾರಣ ಮಾರ್ಗಗಳ ವಿಷಯ ಬೇರೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗಳಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಬಂದ ಜನಸಂದಣಿಯ ಚಿತ್ರಗಳನ್ನು ಹಲವರು ಕಂಡಿರಬಹುದು. ಅದರ ನಂತರ ಮುಂಗಡ ಕಾದಿರಿಸುವ ವ್ಯವಸ್ಥೆಯಿಲ್ಲದ ಮಾರ್ಗಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದೇ ವರ್ಷದ ಜುಲೈನಲ್ಲಿ "ಅರಣ್ಯ ವಿಹಾರ" ಎಂಬ ಅಂತರ್ಜಾಲ ತಾಣದ ಮೂಲಕ ಕಾದಿರಿಸುವ ಪದ್ಧತಿಯನ್ನು ಜಾರಿಗೆ ತರಲಾಯಿತು. ಪ್ರತಿ ಮಾರ್ಗಕ್ಕೂ ದಿನವೊಂದಕ್ಕೆ ಇಂತಿಷ್ಟೇ ಜನರೆಂಬ ಮಿತಿಯಿದೆ. ಕುದುರೆಮುಖ ಶಿಖರದಂತಹ ಮಾರ್ಗಗಳಲ್ಲಿ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳತಕ್ಕದ್ದು. ಶಿಖರದ ಮೇಲೆ ಡೇರೆ ಹಾಕಲು ಅವಕಾಶವಿಲ್ಲ. ಸೂರ್ಯೋದಯ ನೋಡಬೇಕೆಂಬ ಆಸೆಯಿಂದ ಮೇಲೆ ಉಳಿದುಕೊಂಡವರನ್ನು ಹುಡುಕಲು ಸಿಬ್ಬಂದಿಯು ಕತ್ತಲಲ್ಲಿ ಬೆಟ್ಟ ಏರಬೇಕಾಗುತ್ತದೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ರಾತ್ರಿ ಸಂಚಾರದ ನಿರ್ಬಂಧ

ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಹಾದುಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರ ನಿರ್ಬಂಧಿಸಲಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯವು 2010ರಲ್ಲಿ ಇದನ್ನು ಎತ್ತಿಹಿಡಿಯಿತು. ತುರ್ತು ಚಿಕಿತ್ಸಾ ವಾಹನಗಳು ಮತ್ತು ಸೀಮಿತ ಸಂಖ್ಯೆಯ ಸಾರಿಗೆ ಬಸ್ಸುಗಳಿಗೆ ಮಾತ್ರ ವಿನಾಯಿತಿಯಿದೆ. ನಾಗರಹೊಳೆಯ ಮೂಲಕ ಸಾಗುವ ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ನಿರ್ಬಂಧವು ಸಂಜೆ 6ರಿಂದಲೇ ಆರಂಭವಾಗುತ್ತದೆ. ತಡವಾಗಿ ತಲುಪಿದವರು ಗುಂಡ್ಲುಪೇಟೆಯಲ್ಲಿಯೇ ಉಳಿಯಬೇಕಾಗುತ್ತದೆ. ವಯನಾಡಿಗೆ ಹೋಗುವವರಿಗೆ ಹುಣಸೂರು, ಗೋಣಿಕೊಪ್ಪಲು, ಕುಟ್ಟ ಮಾರ್ಗವು ಬದಲಿಯಾಗಿ ಲಭ್ಯವಿದೆ. ಗೇಟಿನ ಬಳಿ ಸಿಬ್ಬಂದಿಯೊಂದಿಗೆ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ, ಅವರಿಗೆ ಬಿಡುವ ಅಧಿಕಾರವೂ ಇಲ್ಲ.

ಸಫಾರಿಗಳ ವಿಷಯದಲ್ಲಿಯೂ ಬದಲಾವಣೆಗಳಾಗಿವೆ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ರಾತ್ರಿ ಪ್ರವಾಸಕ್ಕೆ ಅವಕಾಶ ನೀಡಬಾರದೆಂದೂ ಪ್ರಮುಖ ಆವಾಸದ ಪ್ರವಾಸಿ ವಲಯಗಳಲ್ಲಿ ಮೊಬೈಲ್ ದೂರವಾಣಿಯ ಬಳಕೆ ನಿಷೇಧಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ ನಿರ್ದೇಶಿಸಿತು. ಅದೇ ತಿಂಗಳು ಕಾಡಂಚಿನ ಗ್ರಾಮಗಳಲ್ಲಿ ಹುಲಿ ದಾಳಿಯಿಂದ ರೈತರು ಮೃತಪಟ್ಟ ಕಾರಣ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಿ, ಸಿಬ್ಬಂದಿಯನ್ನು ಹುಲಿ ಪತ್ತೆ ಕಾರ್ಯಕ್ಕೆ ನಿಯೋಜಿಸಲಾಯಿತು. ಇಂತಹ ಸಂದರ್ಭಗಳು ಮುನ್ಸೂಚನೆ ನೀಡಿ ಬರುವುದಿಲ್ಲವಾದ್ದರಿಂದ, ಪ್ರಯಾಣದ ಹಿಂದಿನ ದಿನ ಸಂಬಂಧಿತ ಕಚೇರಿಯನ್ನು ಸಂಪರ್ಕಿಸಿ ಸ್ಥಿತಿಗತಿ ತಿಳಿದುಕೊಳ್ಳುವುದು ಸೂಕ್ತ.

ಬೆಂಕಿ

ಶಿಬಿರವೆಂದರೆ ಬೆಂಕಿಯ ಸುತ್ತ ಕೂರುವುದೆಂಬ ಕಲ್ಪನೆ ಬಲವಾಗಿದೆ. ಅರಣ್ಯ ಸಿಬ್ಬಂದಿಗೆ ಅದೇ ಬೆಂಕಿ ವರ್ಷದ ಅತಿ ದೊಡ್ಡ ಆತಂಕ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಎಲೆ ಉದುರುವ ಕಾಡುಗಳಲ್ಲಿ ಒಣಗಿದ ಎಲೆ, ಹುಲ್ಲು, ಬಿದಿರು ಮತ್ತು ಲಂಟಾನ ಪೊದೆಗಳು ಒಂದು ಕಿಡಿಗೆ ಹೊತ್ತಿಕೊಳ್ಳುವ ಸ್ಥಿತಿಯಲ್ಲಿರುತ್ತವೆ. ಲಂಟಾನ ನೆಲದಿಂದ ಮರದ ಕೊಂಬೆಯವರೆಗೆ ಹಬ್ಬುವುದರಿಂದ, ನೆಲದಲ್ಲಿ ಹರಿದು ಹೋಗಬೇಕಾದ ಬೆಂಕಿ ಮರದ ತುದಿಗೆ ಏರುತ್ತದೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದಲ್ಲಿ ಸಾವಿರಾರು ಎಕರೆ ಅರಣ್ಯ ಸುಟ್ಟುಹೋಯಿತು. ನಂದಿಸಲು ವಾಯುಪಡೆಯ ಹೆಲಿಕಾಪ್ಟರುಗಳ ನೆರವು ಪಡೆಯಬೇಕಾಯಿತು.

ಆದ್ದರಿಂದ ಶಿಬಿರಗಳಲ್ಲಿ ಸಿಬ್ಬಂದಿಯೇ ನಿಗದಿತ ಜಾಗದಲ್ಲಿ ಹಾಕಿದ ಬೆಂಕಿಯನ್ನು ಬಿಟ್ಟು ಬೇರೆಡೆ ಬೆಂಕಿ ಹಾಕುವಂತಿಲ್ಲ. ಬೇಸಿಗೆಯಲ್ಲಿ ಅದೂ ಇರುವುದಿಲ್ಲ. ಅಧಿನಿಯಮದ 30ನೆಯ ಪ್ರಕರಣವು ಧಾಮಕ್ಕೆ ಅಪಾಯವಾಗುವ ರೀತಿಯಲ್ಲಿ ಬೆಂಕಿ ಹೊತ್ತಿಸುವುದನ್ನು ಮಾತ್ರವಲ್ಲದೆ, ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. ಚಲಿಸುವ ವಾಹನದ ಕಿಟಕಿಯಿಂದ ಎಸೆದ ಬೀಡಿ ಅಥವಾ ಸಿಗರೇಟಿನ ತುಂಡಿನಿಂದಲೂ ಕಾಡು ಹೊತ್ತಿಕೊಳ್ಳಬಲ್ಲದು. ಬೆಂಕಿ ರೇಖೆಗಳ ಕೆಲಸ ನಡೆಯುವ ತಿಂಗಳುಗಳಲ್ಲಿ ಹಲವು ಚಾರಣ ಮಾರ್ಗಗಳನ್ನು ಮುಚ್ಚಲಾಗುವುದೂ ಇದೇ ಕಾರಣಕ್ಕಾಗಿ.

ಮಂಗನ ಕಾಯಿಲೆ ಇರುವ ಪ್ರದೇಶಗಳಲ್ಲಿ ವಹಿಸಬೇಕಾದ ಎಚ್ಚರಿಕೆ

ಮಲೆನಾಡಿನಲ್ಲಿ ಡೇರೆ ಹಾಕಲು ಬಯಸುವವರಿಗೆ ಆನೆ, ಚಿರತೆಗಳ ಭಯವೇ ಹೆಚ್ಚು. ಎಳ್ಳಿನ ಕಾಳಿನಷ್ಟು ಚಿಕ್ಕದಾದ ಉಣುಗಿನ ಬಗ್ಗೆ ಯಾರೂ ಕೇಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮೊದಲಿಗೆ ಗುರುತಿಸಲಾದ ವೈರಾಣು ಜ್ವರವೇ ಮಂಗನ ಕಾಯಿಲೆ. ಕಾಡಿನ ಉಣುಗುಗಳು ಕಚ್ಚುವುದರಿಂದ ಇದು ಮನುಷ್ಯರಿಗೆ ಬರುತ್ತದೆ. ಮಂಗಗಳೂ ಇದರಿಂದ ಸಾಯುತ್ತವೆ; ಮಂಗ ಸತ್ತುಬಿದ್ದ ಜಾಗದ ಸುತ್ತಮುತ್ತ ಸೋಂಕಿತ ಉಣುಗುಗಳು ಹೆಚ್ಚಾಗಿರುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಪ್ರಕರಣಗಳು ಕಂಡುಬರುತ್ತವೆ. ಪ್ರವಾಸಿಗರು ರಜೆಗೆ ಆಯ್ದುಕೊಳ್ಳುವ ತಿಂಗಳುಗಳೂ ಇವೇ ಆಗಿರುವುದು ದುರದೃಷ್ಟಕರ. ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ತಾಗಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಮೃತಪಡುತ್ತಾರೆ. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ಹಿಂದೆ ನೀಡಲಾಗುತ್ತಿದ್ದ ಲಸಿಕೆಯು ಪರಿಣಾಮಕಾರಿಯಾಗಿಲ್ಲದ ಕಾರಣ ಅದರ ಬಳಕೆಯನ್ನು ನಿಲ್ಲಿಸಲಾಗಿದೆ. ಆದಕಾರಣ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ಉಪಾಯ.

ಈ ಜಿಲ್ಲೆಗಳ ಕಾಡಂಚಿನಲ್ಲಿ ತಂಗುವವರು ತುಂಬುತೋಳಿನ ಅಂಗಿ ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಬೇಕು. ಆರೋಗ್ಯ ಇಲಾಖೆಯು ಕಾಡಂಚಿನ ಗ್ರಾಮಸ್ಥರಿಗೆ ವಿತರಿಸುವ ಡೇಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳುವುದು ಒಳ್ಳೆಯದು. ಲಭ್ಯತೆಯ ಬಗ್ಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ತರಗೆಲೆಗಳ ಮೇಲೆ ಕೂರಬಾರದು, ಮಲಗಬಾರದು. ಮರಳಿದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಬೆಂಗಳೂರಿಗೆ ಮರಳಿದ ಒಂದು ವಾರದೊಳಗೆ ಜ್ವರ ಬಂದಲ್ಲಿ, ತಾವು ಮಲೆನಾಡಿನ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಲು ಮರೆಯಬಾರದು. ನಗರದ ವೈದ್ಯರು ಮೊದಲು ಡೆಂಗ್ಯೂ ಜ್ವರವನ್ನು ಶಂಕಿಸುವುದು ಸ್ವಾಭಾವಿಕ. ಪ್ರವಾಸದ ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಬೇಗ ನಡೆಯಬಹುದು. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳಗಳು ಕಿರಿಕಿರಿಯಷ್ಟೇ, ಅವುಗಳಿಂದ ಈ ರೋಗ ಬರುವುದಿಲ್ಲ.

ಆಹಾರ, ಪ್ರಾಣಿಗಳು ಮತ್ತು ನೀರು

ಬಾಳೆಹಣ್ಣು, ಹಲಸು, ಕಬ್ಬು, ಉಪ್ಪು, ಹುಣಸೆ ಇವುಗಳ ವಾಸನೆ ಆನೆಗಳನ್ನು ಸೆಳೆಯುತ್ತದೆ. ಇವನ್ನು ಡೇರೆಯೊಳಗೆ ಇಟ್ಟುಕೊಂಡು ಮಲಗಬಾರದು. ರಸ್ತೆಬದಿಯ ಮಂಗಗಳಿಗೆ ಬಿಸ್ಕತ್ತು ಎಸೆಯುವುದು ಪುಣ್ಯದ ಕೆಲಸವೆಂದು ಭಾವಿಸುವವರಿದ್ದಾರೆ. ಹಾಗೆ ಎಸೆದದ್ದನ್ನು ತಿನ್ನಲು ರಸ್ತೆಗಿಳಿಯುವ ಮಂಗ ಮತ್ತು ಜಿಂಕೆಗಳು ಮುಂದೆ ಬರುವ ವಾಹನದ ಚಕ್ರಕ್ಕೆ ಸಿಲುಕುತ್ತವೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಛಾಯಾಚಿತ್ರಕ್ಕಾಗಿ ಆನೆಯ ಸಮೀಪಕ್ಕೆ ಹೋದ ವ್ಯಕ್ತಿಯೊಬ್ಬರನ್ನು ಆನೆಯು ಬೆನ್ನಟ್ಟಿ ಕೆಡವಿತು. ಅವರು ಗಾಯಗೊಂಡು ಬದುಕುಳಿದರು, ಇಲಾಖೆಗೆ ದಂಡವನ್ನೂ ತೆತ್ತರು. ಪ್ರಾಣಿಗಳನ್ನು ಕೆಣಕುವುದು ಮತ್ತು ಕಸ ಎಸೆಯುವುದು ಎರಡೂ 27ನೆಯ ಪ್ರಕರಣದ ಉಲ್ಲಂಘನೆ. 2022ರ ತಿದ್ದುಪಡಿಯ ನಂತರ ಅಧಿನಿಯಮದ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಧಾಮದೊಳಗೆ ಆಯುಧ ಒಯ್ಯುವಂತಿಲ್ಲವೆಂದರೆ ಬಂದೂಕು ಮಾತ್ರವೆಂದು ತಿಳಿಯಬಾರದು. ಅಧಿನಿಯಮದ ವ್ಯಾಖ್ಯೆಯಲ್ಲಿ ಚೂರಿ, ಗಾಳ, ಬಲೆ, ಉರುಲುಗಳೂ ಆಯುಧಗಳೇ. ಹೊಳೆಯ ದಂಡೆಯಲ್ಲಿ ಗಾಳ ಹಾಕುವ ಉದ್ದೇಶದಿಂದ ಸಲಕರಣೆ ತರುವವರು ಇದನ್ನು ಗಮನಿಸತಕ್ಕದ್ದು. ಸಾಕುನಾಯಿ, ಮದ್ಯ, ಧ್ವನಿವರ್ಧಕ ಮತ್ತು ಅನುಮತಿಯಿಲ್ಲದ ಡ್ರೋನ್‌ಗಳನ್ನೂ ತರಬಾರದು.

ಕಾಳಿ ಮತ್ತು ಕಾವೇರಿ ನದಿಗಳಲ್ಲಿ ಮೊಸಳೆಗಳಿವೆ. ಅದಕ್ಕಿಂತ ಮುಖ್ಯವಾಗಿ, ಕಾಳಿ ನದಿಯ ಮೇಲ್ಭಾಗದಲ್ಲಿ ಸೂಪಾ ಜಲಾಶಯವಿದ್ದು, ವಿದ್ಯುತ್ ಉತ್ಪಾದನೆಗಾಗಿ ನೀರು ಬಿಟ್ಟಾಗ ಕೆಳಗೆ ದಾಂಡೇಲಿಯಲ್ಲಿ ನದಿಯ ಮಟ್ಟ ಏರುತ್ತದೆ. ಆಕಾಶ ನಿರ್ಮಲವಾಗಿದ್ದು, ಮಳೆಯ ಸುಳಿವಿಲ್ಲದಿದ್ದರೂ ಬಂಡೆಯ ಮೇಲೆ ಕುಳಿತವರು ನಡುನೀರಿನಲ್ಲಿ ಸಿಲುಕಬಹುದು. ನದಿಯ ಒಣ ಮರಳಿನ ಮೇಲೆ ಡೇರೆ ಹಾಕಲೇಬಾರದು.

ವಾಹನದ ಬಗ್ಗೆ

ವ್ಯಾನು ಅಥವಾ ಟೆಂಪೋಗಳನ್ನು ಮಲಗುವ ವಾಹನವಾಗಿ ಮಾರ್ಪಡಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನೀಡಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಂತೆ ಅನಧಿಕೃತ ಮಾರ್ಪಾಡಿಗೆ ಮಾಲೀಕರು 6 ತಿಂಗಳವರೆಗೆ ಕಾರಾಗೃಹವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡಕ್ಕೆ ಗುರಿಯಾಗಬಹುದು. ಅಪಘಾತವಾದಲ್ಲಿ ವಿಮೆಯ ಹಣಕ್ಕೂ ತೊಡಕಾಗಬಹುದು. ಆಸನವನ್ನು ಮಡಚಿ ಹಾಸಿಗೆ ಹಾಸಿಕೊಳ್ಳುವುದು ಮಾರ್ಪಾಡಲ್ಲ. ಆಸನಗಳನ್ನು ಕಿತ್ತು ಮಂಚ, ಅಡುಗೆ ಕಟ್ಟೆ ಕೂರಿಸುವುದು ಬೇರೆ ವಿಷಯ.

ಚಳಿ ತಾಳದೆ ಮುಚ್ಚಿದ ಡೇರೆ ಅಥವಾ ವಾಹನದೊಳಗೆ ಇದ್ದಿಲಿನ ಅಗ್ಗಿಷ್ಟಿಕೆ, ಗ್ಯಾಸ್ ಒಲೆ ಹಚ್ಚಿಕೊಂಡು ಅಥವಾ ಎಂಜಿನ್ ಚಾಲೂ ಇಟ್ಟುಕೊಂಡು ಮಲಗಬಾರದು. ಹೀಗೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲಿರುವವರಿಗೆ ಎಚ್ಚರವಾಗುವುದಿಲ್ಲ. ದಪ್ಪ ಕಂಬಳಿಯೇ ಲೇಸು.

ಕಾದಿರಿಸುವಾಗ

ಅರ್ಜಿದಾರರು ತಂಡದ ಪ್ರತಿಯೊಬ್ಬರ ಹೆಸರು, ವಯಸ್ಸು ಮತ್ತು ಭಾವಚಿತ್ರವಿರುವ ಗುರುತಿನ ಚೀಟಿಯ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಕಾದಿರಿಸಿದವರೇ ಬರಬೇಕು, ಚೀಟಿಯನ್ನು ಬೇರೆಯವರಿಗೆ ಕೊಡುವಂತಿಲ್ಲ. ಚೀಟಿಯನ್ನು ಮುದ್ರಿಸಿಕೊಂಡು ಬರುವುದು ಒಳಿತು, ಏಕೆಂದರೆ ಹಲವು ತನಿಖಾ ಠಾಣೆಗಳಲ್ಲಿ ಮೊಬೈಲ್ ಸಂಪರ್ಕ ಸಿಗುವುದಿಲ್ಲ. ಶಿಬಿರದಲ್ಲಿ ತಂಗಿದಾಗ ಉಂಟಾಗುವ ಕಸವನ್ನು ಮರಳಿ ಒಯ್ಯಲು ಒಂದು ಗೋಣಿಚೀಲ ತರಬೇಕೆಂದು ಕೋರಲಾಗಿದೆ. ಮಳೆ, ಬೆಂಕಿ ಅಥವಾ ಪ್ರಾಣಿಗಳ ಚಲನವಲನದ ಕಾರಣ ಪ್ರವೇಶವನ್ನು ಕೊನೆಯ ಕ್ಷಣದಲ್ಲಿ ರದ್ದುಪಡಿಸುವ ಅಧಿಕಾರ ಸ್ಥಳೀಯ ಅಧಿಕಾರಿಗಳಿಗೆ ಇರುತ್ತದೆ. ಶುಲ್ಕ ಮರುಪಾವತಿಯ ಷರತ್ತುಗಳು ಶಿಬಿರದಿಂದ ಶಿಬಿರಕ್ಕೆ ಬೇರೆಯಾಗಿರುವುದರಿಂದ ಹಣ ಪಾವತಿಸುವ ಮುನ್ನ ಓದಿಕೊಳ್ಳಬೇಕು.

ಕಾಡಿನಲ್ಲಿ ಬೆಂಕಿ, ಗಾಯಗೊಂಡ ಪ್ರಾಣಿ ಅಥವಾ ಅಕ್ರಮ ಚಟುವಟಿಕೆ ಕಂಡುಬಂದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ, ಇತರ ತುರ್ತು ಸಂದರ್ಭಗಳಲ್ಲಿ 112ಕ್ಕೆ, ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ರಸ್ತೆಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು, ಅದಿಲ್ಲದಿದ್ದರೆ ಕೊನೆಯದಾಗಿ ದಾಟಿದ ತನಿಖಾ ಠಾಣೆ ಅಥವಾ ಹಳ್ಳಿಯ ಹೆಸರನ್ನು ತಿಳಿಸತಕ್ಕದ್ದು.